ಅರ್ಧ ಮಿಲಿಮೀಟರು

ಗ್ವೈತೇಕಾಸಿನಲ್ಲಿ ಮೊದಲ ದಿನವೇ
ದೋಣಿಯ ಎಲಿಸೆಯೊ ಚಿಗುವಾಯ್‌ನನ್ನು ಕೇಳಿದೆ:
ಇಲ್ಲಿ ಒಟ್ಟು ಎಷ್ಟು ದ್ವೀಪ?
ಹುಟ್ಟು ಹಾಕುವುದನ್ನು ನಿಲ್ಲಿಸಿ ಅವನು ಕೇಳಿದ:
ಎಷ್ಟು ಗಂಟೆಗೆ?

ಇಳಿತಕ್ಕೆ ಒಂದು, ಭರತಕ್ಕೆ ಮೂರು.
ನಡುವೆ ಚಿಪ್ಪುಗಳ ದಿಬ್ಬವೊಂದು
ಇರಲೋ ಬೇಡವೋ ಎಂದು ತಲೆಯೆತ್ತಿ ಮುಳುಗುತ್ತದೆ.
ಸರಕಾರಕ್ಕೆ ದಡದ ಗೆರೆ ಒಂದೇ ಬೇಕು.

ಆಳ ನೋಡಲು ಹಗ್ಗ ಬಿಟ್ಟೆವು.
ಅವನ ಮಾರಿಗೆ ಹದಿನಾಲ್ಕು, ನನ್ನ ಮಾರಿಗೆ ಹದಿನೇಳು.
ಹೆಣ್ಣಿಗೆ ಸಮುದ್ರ ಹೆಚ್ಚು ಆಳ, ಎಂದು ನಕ್ಕ.

ಕಾಡೊಳಗೆ ಇನ್ನೂ ಫಜೀತಿ.
ಪಾಚಿಯ ಮೇಲೆ ಪಾಚಿ, ಬಿದ್ದ ಮರದ ಮೇಲೆ ಬಿದ್ದ ಮರ,
ಅಳತೆಗೋಲು ನೆಟ್ಟರೆ ತೊಡೆಮಟ್ಟ ಇಳಿಯುತ್ತದೆ.
ನೆಲ ಶುರುವಾಗುವುದು ಎಲ್ಲಿಂದ?
ಎಲಿಸೆಯೊ ಒದ್ದು ತೋರಿಸಿದ. ಟೊಳ್ಳು ಸದ್ದು.
ಅವನಜ್ಜ ಬೇಲಿಗೂಟಕ್ಕೆಂದು ಕಡಿದ ಸೈಪ್ರಸ್ಸಿನ ಮೋಟು,
ಪಾಚಿ ಸರಿಸಿದರೆ ಕೊಡಲಿಯ ಗುರುತು ಇನ್ನೂ ಕೆಂಪಗೆ.
ಇಪ್ಪತ್ತು ಮೀಟರಿನ ಸಮೋನ್ನತಿ ರೇಖೆಯನ್ನು
ಆ ಮೋಟಿನ ನೆತ್ತಿಯ ಮೇಲೆ ಹಾಯಿಸಿದೆ.

ಐದನೇ ವಾರ, ಹೇಳದೆ ಕೇಳದೆ, ದೋಣಿ ತಿರುಗಿಸಿದ.
ಅಂಗಳದಗಲದ ಬಂಡೆ, ಮೇಲೆ ಮೊಳದಾಳದ ಮಣ್ಣು,
ಹನ್ನೊಂದು ಸಾಲು ಆಲೂಗಡ್ಡೆ.
ಮಣ್ಣು ಅವನ ತಾಯಿ ಬುಟ್ಟಿಬುಟ್ಟಿ ತಂದು ಸುರಿದದ್ದು;
ಇಲಿ ಈಜಿ ಬರಲಾರದಷ್ಟು ದೂರ.
ಬರಿ, ಅಂದ.

ನಿಯಮ ನನಗೆ ಬಾಯಿಪಾಠ:
ಹಾಳೆಯ ಮೇಲೆ ಅರ್ಧ ಮಿಲಿಮೀಟರಿಗಿಂತ ಕಿರಿದಾದುದನ್ನು
ಕೈಬಿಡತಕ್ಕದ್ದು.
ಅವನು ನೋಡುತ್ತಿದ್ದ.
ಪೆನ್ಸಿಲ್ಲಿನ ಮೊನೆ ಒತ್ತಿ ಒಂದು ಚುಕ್ಕೆ ಇಟ್ಟೆ.

ವಾಲ್ಪರೈಸೋ ಕಚೇರಿಯಲ್ಲಿ ಹಾಳೆ ತಿದ್ದುವ ಒಬ್ದುಲಿಯಾ
ಭೂತಗನ್ನಡಿ ಹಿಡಿದು, ಏನೂ ಕೆಡುಕೆಣಿಸದೆ,
ನೊಣದ ಹಿಕ್ಕೆ ಎಂದುಕೊಂಡು
ಬ್ಲೇಡಿನಿಂದ ಕೆರೆದಳು. ಉಫ್ ಎಂದು ಊದಿದಳು.
ನಾನು ಪಕ್ಕದಲ್ಲೇ ನಿಂತಿದ್ದೆ.
ಕಿಟಕಿಯಾಚೆ ಕ್ರೇನೊಂದು ಏನನ್ನೋ ಎತ್ತುತ್ತಿತ್ತು,
ಅದನ್ನು ನೋಡಿದೆ.

ಅಚ್ಚಾದ ಹಾಳೆಯೊಂದನ್ನು ಅವನಿಗೆ ಕಳಿಸಿದೆ.
ಚಳಿಗಾಲದ ಹಡಗಿನಲ್ಲಿ ಚೀಲವೊಂದು ಬಂತು,
ಜತೆಗೆ ಒಂದಕ್ಷರವಿಲ್ಲ.
ಬೇಯಿಸುವ ಮುನ್ನ ಒಂದನ್ನು ಅಡ್ಡ ಕೊಯ್ದೆ:
ಬಿಳಿಯೊಳಗೆ ನೇರಳೆ ಗೆರೆ, ಅದರೊಳಗೆ ಇನ್ನೊಂದು,
ಸೊಟ್ಟಸೊಟ್ಟಗೆ, ಎಲ್ಲೂ ಕಡಿಯದೆ,
ಎಲ್ಲೂ ಒಂದನ್ನೊಂದು ದಾಟದೆ.

ಒಬ್ದುಲಿಯಾಗೂ ಎರಡು ಬಡಿಸಿದೆ.
ಉಪ್ಪು ಹದವಾಗಿದೆ, ಅಂದಳು.
ನಾನು ಉಪ್ಪು ಹಾಕಿರಲಿಲ್ಲ.