ಒಂದೂವರೆ ಗಂಟೆಯ ಕೊಡಗು

ಪಣಂಬೂರಿನ ಗೇಟಿನ ಬಳಿ ಬೆಳಿಗ್ಗೆ ಎಂಟಕ್ಕೆ
ಕಾರು ಹತ್ತಿದವರು ಇಬ್ಬರು. ಸಂಜೆ ಆರಕ್ಕೆ ಹಡಗಿನ ಬಾಗಿಲು ಬಂದ್.
ಲೆಕ್ಕ ನನ್ನದು: ಹತ್ತಲು ನಾಲ್ಕು, ಇಳಿಯಲು ನಾಲ್ಕು,
ಉಳಿದದ್ದು ಎರಡು. ಅದರಲ್ಲೂ ಟೈರಿಗೆ, ಆನೆಗೆ,
ಲಾರಿ ಮಗುಚಿ ಬಿದ್ದಿದ್ದರೆ ಅದಕ್ಕೆ
ಅರ್ಧ ಗಂಟೆ ತೆಗೆದಿಡಬೇಕು.
ಮಿಕ್ಕಿದ್ದು ಕೊಡಗು.

ಸುಳ್ಯದವರೆಗೂ ಗಂಡನಿಗೆ ನಿದ್ದೆ.
ಹೆಂಗಸು, ಮಾರ್ಗಿಟ್ ಅಂತ, ವಯಸ್ಸು ನನ್ನತ್ತೆಯಷ್ಟು,
ಮಡಿಲಲ್ಲೊಂದು ತಗಡಿನ ಡಬ್ಬಿ.
ಮಸ್ಕತ್ತಿನಲ್ಲಿ ಒಂದು ದಿನ, ಮುಂಬಯಿಯಲ್ಲಿ ಒಂದು,
ನಾಳೆ ಬೆಳಿಗ್ಗೆ ಕೊಚ್ಚಿ.
ಊರಿಗೊಂದು ಕಲ್ಲಂತೆ. ಅಲುಗಿಸಿ ತೋರಿಸಿದಳು:
ಲೋಕವೆಲ್ಲ ಕಡಲೆ ಹುರಿದ ಹಾಗೆ ಸದ್ದು ಮಾಡಿತು.

ಸಂಪಾಜೆ ದಾಟಿದ ಮೇಲೆ ರಸ್ತೆ
ನೇರ ನೋಡುವುದನ್ನು ಬಿಡುತ್ತದೆ.
ಗಂಡ ಎದ್ದ. ಕಿವಿ ಕಟ್ಟಿದೆ ಎಂದ.
ಕೊಯನಾಡು, ದೇವರಕೊಲ್ಲಿ;
ಜೋಡುಪಾಲ ಬಂದಾಗ ನಾನು ಯಾವಾಗಲೂ
ಗೇರಿನಲ್ಲೋ ಕನ್ನಡಿಯಲ್ಲೋ ಏನಾದರೂ ಕೆಲಸ ಹುಡುಕುತ್ತೇನೆ.
ಇಪ್ಪತ್ತು ಸೆಕೆಂಡು, ಅಷ್ಟೆ.

ಮಡಿಕೇರಿಯಲ್ಲಿ ಅವತ್ತು ಮಂಜಿಗೆ ರಜೆ.
ರಾಜಾಸೀಟಿನಲ್ಲಿ ಅವರ ಫೋಟೋ ನಾನು ತೆಗೆದೆ.
ಅಂಗಡಿಯವ ಮೂರು ಬಗೆಯ ಜೇನು ನೆಕ್ಕಿಸಿದ,
ಮೂರೂ ಒಂದೇ ಡ್ರಮ್ಮಿನವು.
ಕಡಂಬುಟ್ಟು, ಹಂದಿಕರಿ; ಗಂಡ ಎರಡು ಸಲ ಹಾಕಿಸಿಕೊಂಡು
ಬೆವರು ಒರೆಸಿಕೊಂಡ.
"ಇಲ್ಲಿ ರಾತ್ರಿ ಹೇಗಿರುತ್ತದೆ?" ಮಾರ್ಗಿಟ್ ಕೇಳಿದಳು.
ಚಳಿ, ಎಂದೆ. ಗಡಿಯಾರ ತೋರಿಸಿದೆ.

ಇಳಿಯುವಾಗ ಅವಳಿಗೆ ಕಲ್ಲು ನೆನಪಾಯಿತು.
ಜೋಡುಪಾಲದಲ್ಲೇ ಆಗಬೇಕಿತ್ತೇ?
"ಎಷ್ಟು ಎಳೆ ಹಸಿರು ಈ ಇಳಿಜಾರು! ಎರಡೇ ನಿಮಿಷ."
ಎರಡು ನಿಮಿಷದಲ್ಲಿ ಏನೇನಾಗುತ್ತದೆಂದು ನನಗೆ ಗೊತ್ತು.
ಆ ಆಗಸ್ಟಿನ ಬೆಳಿಗ್ಗೆ ಗುಡ್ಡಕ್ಕೂ ಅಷ್ಟೇ ಹೊತ್ತು ಸಾಕಾಗಿತ್ತು.
ಬಂತು, ಕೊಟ್ಟಿಗೆ ನೋಡಿತು, ಅಡುಗೆಮನೆ ನೋಡಿತು,
ಹಲಸಿನ ಮರವನ್ನು ಜೊತೆಗೆ ಕರೆದುಕೊಂಡು
ಹೊಳೆಗೆ ಇಳಿಯಿತು. ರಾತ್ರಿ ತಂಗಲಿಲ್ಲ.

ನಾನು ಸ್ಟೇರಿಂಗ್ ಬಿಡಲಿಲ್ಲ.
ಅವಳು ಚರಂಡಿ ದಾಟಿ, ಲಂಟಾನ ಸರಿಸಿ,
ಬಗ್ಗಿ ಆರಿಸಿ ತಂದಳು: ಅಂಗೈಯಗಲ ಕೆಂಪು.
ಕಲ್ಲಲ್ಲ. ಮಂಗಳೂರು ಹಂಚು.
ಒಡೆದ ಅಂಚಿನಲ್ಲಿ ಅರ್ಧ ನಕ್ಷತ್ರದ ಮುದ್ರೆ.
ನಮ್ಮ ಮಾಡಿನದೂ ನಕ್ಷತ್ರವೇ. ಜೋಯಪ್ಪಣ್ಣನ ಮಾಡಿನದೂ.
ಆ ಸಾಲಿಗೆಲ್ಲ ಒಂದೇ ಲಾರಿಯಲ್ಲಿ ಬಂದದ್ದು,
ಬಾಡಿಗೆ ಹಂಚಿಕೊಂಡು, ಇದೇ ಘಾಟಿ ಹತ್ತಿ.

ಹೇಳಬಹುದಿತ್ತು.
ಮಾಡು ಎನ್ನಲು ಇಂಗ್ಲಿಷು ಗೊತ್ತಿತ್ತು,
ಉಳಿದದ್ದಕ್ಕೆ ಗೊತ್ತಿರಲಿಲ್ಲ.
"ಗುಡ್ ಸ್ಟೋನ್" ಎಂದೆ.
ಡಬ್ಬಿಯಲ್ಲಿ ಹಿಡಿಸಲಿಲ್ಲ. ಕರವಸ್ತ್ರದಲ್ಲಿ ಸುತ್ತಿಕೊಂಡಳು.

ತೆಗೆದಿಟ್ಟ ಅರ್ಧ ಗಂಟೆ ಬಿ.ಸಿ. ರೋಡಿನ ಟ್ರಾಫಿಕ್ಕಿಗೆ ಹೋಯಿತು.
ಐದು ಐವತ್ತೆರಡಕ್ಕೆ ಪಣಂಬೂರು.
ಗೇಟಿನಿಂದ ನನಗೆ ಕಾಣುವುದು ಚಿಮಣಿ ಮಾತ್ರ;
ಹನ್ನೊಂದು ವರ್ಷದಲ್ಲಿ ತುಂಬ ಚಿಮಣಿ ಕಂಡಿದ್ದೇನೆ,
ಹಡಗು ಕಂಡಿಲ್ಲ. ಪಾಸು ಇದ್ದವರಿಗೆ ಅದು.
ಕಾವಲಿನವ ಅವಳ ಚೀಲಕ್ಕೆ ಕೈ ಹಾಕಿದ,
ಕರವಸ್ತ್ರ ಬಿಡಿಸಿದ, ನಕ್ಕ, ಮಡಚಿ ಕೊಟ್ಟ.
ಅವಳು ತಿರುಗಿ ಕೈ ಬೀಸಿದಳು.
ನಾನು ಕೈ ಎತ್ತಿದ್ದು ಯಾರಿಗೆಂದು
ಅವಳಿಗೆ ಗೊತ್ತಾಗಿರಲಿಕ್ಕಿಲ್ಲ.

ಮಾಣಿಯಲ್ಲಿ ಚಾ ಕುಡಿಯುವಾಗ ಹೆಂಡತಿಯ ಫೋನು.
"ಎಂತ, ಅವರಿಗೆ ಕೊಡಗು ಇಷ್ಟ ಆಯ್ತಾ?"
"ಒಂದೂವರೆ ಗಂಟೆ ಆಯ್ತು."
"ಇಲ್ಲಿ ಹೂಮಳೆ ಬಂತು ಕಾಣ್ತದೆ. ಅಂಗಳ ಒದ್ದೆ ಉಂಟು."
ಮದೆನಾಡಿನ ಈ ಹೊಸ ಮನೆಗೆ ತಾರಸಿ.
ಒಳಗಿದ್ದವರಿಗೆ ಮಳೆ
ನಿಂತ ಮೇಲೆ ಗೊತ್ತಾಗುತ್ತದೆ.