ಗಬ್ಬೂರ ಬೈಪಾಸಿನ್ಯಾಗ ಹಡಗ

ಕಾರವಾರ ರೋಡಿಂದ ಅದು ಬಂದಾಗ ರಾತ್ರಿ ಎರಡು.
ಟ್ರೇಲರ್ ಮ್ಯಾಲ ಮಗ್ಗಲಾದ ಎಮ್ಮಿ ಹಂಗ ಮಲಗಿತ್ತು,
ಹಾಯಿಕಂಬ ಬಿಚ್ಚಿ ಬಾಜೂಕ ಕಟ್ಟಿದ್ರು.
ಸಿಸ್ಟರ್ ಅದಕ್ಕ ದೋಣಿ ಅಂದ್ರು. ಓಣಿ ಮಂದಿ ಹಡಗ ಅಂದ್ರು.

ನಾವು ಲಾರಿ ಬಾಡಿ ಕಟ್ಟೋ ಮಂದಿ.
ಹಿಂದ ಡಾಲಾ, ಮಗ್ಗಲಕ ಸಾಮಾನಿನ ಪೆಟಗಿ,
ಕ್ಯಾಬಿನ್‌ನ್ಯಾಗ ದೇವರ ಫೋಟೋಕ್ಕೊಂದು ಗೂಡು.
ಸಮುದ್ರದ ಉಸಾಬರಿ ನಮಗ್ಯಾಕ ಅಂದ ಮಕ್ತುಮ.
ದೆಬೋರಾ ಸಿಸ್ಟರ್ ಅಂದ್ರು,
ಸೋರೂದು ಎಲ್ಲಾ ಕಡೆ ಒಂದ ನಮೂನಿ, ಮೋನಪ್ಪಾ.

ಬೆಟಗೇರಿ ದವಾಖಾನ್ಯಾಗ ಮೂವತ್ನಾಕು ವರ್ಷ ನರ್ಸ್.
ಈಜು ಬರತೈತೇನ್ರಿ ಅಂತ ಕೇಳಿದೆ. ಇಲ್ಲ ಅಂದ್ರು.
ಯಾಕ ತಗೊಂಡ್ರಿ ಅಂತ ಕೇಳಲಿಲ್ಲ.

ಒಳಗ ಇಳದ್ರ ಹಳೇ ಡೀಸೆಲ್, ಒಣಮೀನು, ತೊಯ್ದ ಕಂಬಳಿ ವಾಸನಿ.
ಮಲಗೋ ಹಲಿಗಿ ಎತ್ತಿದ್ರ ತೆಳಗೊಂದು ಬಾವಿ,
ತಳದಾಗ ಒಂದು ಚಮಚ, ಗೋವಾದ ಬೆಂಕಿಪೊಟ್ಣ,
ಕೂಸಿನ ಎಡಗಾಲ ಚಪ್ಪಲಿ.
ಸಿಸ್ಟರ್ ಚಪ್ಪಲಿ ಒರಸಿ ಚೀಲದಾಗ ಇಟಗೊಂಡ್ರು.
ಆಮ್ಯಾಲ ಟೇಪು ಹಿಡದು ಲೆಕ್ಕಾ ಹೇಳಿದ್ರು,
ಇಲ್ಲಿ ಕುಕ್ಕರ್, ಇಲ್ಲಿ ಸ್ಟೋವ್ ಪಿನ್ನು, ಇಲ್ಲಿ ಗುರೆಳ್ಳು ಚಟ್ನಿ,
ಇಲ್ಲಿ ಖಡಕ್ ರೊಟ್ಟಿ, ನೂರಾ ಇಪ್ಪತ್ತು,
ನಿಂದರಿಸಿ ಅಲ್ಲ, ಮಲಗಿಸಿ.

ಬಾವೀನ ಐದು ಖಾನೆ ಮಾಡಿದೆ.
ಗ್ವಾಡಿ ತಳಕ ಬೆರಳು ಹೋಗುವಷ್ಟು ತೂತು.
ಬಂದ ನೀರು ಕುಂಡ್ರಬಾರದು, ಹರದು ಪಂಪಿನ ಕುಣಿಗೆ ಬೀಳಬೇಕು.
ಮುಚ್ಚಳಕ ಸಂದು ಬಿಟ್ಟ ಪಟ್ಟಿ, ಗಾಳಿ ಆಡಲಿ ಅಂತ.
ಉಳ್ಳಾಗಡ್ಡಿ ಹೇರೂ ಲಾರಿ ಬುದ್ಧಿನ ಇದು.

ಐದನೇ ದಿನ ಮ್ಯಾಲಿಂದ ಕೊಡಾ ಸುರವಿದೆ.
ಹನಿ ಬಿತ್ತು. ಎಲ್ಲಿ? ರೊಟ್ಟಿ ಖಾನೆದ ನಟ್ಟನಡುವ.
ಉಳದ ನಾಕಕ್ಕ ಒಂದು ಹನಿ ಇಲ್ಲ.
ಮಕ್ತುಮ ನಕ್ಕ, ಹಡಗಕ್ಕೂ ಹಸಿವ್ಯಾಗೈತಿ ನೋಡ.

ತೊಟ್ಟಿಕ್ಕಿದಲ್ಲಿ ತೂತು ಇರೂದಿಲ್ಲ.
ನೀರು ನಡೀತೈತಿ ಕಳ್ಳನಂಗ, ಹಲಿಗಿ ಬೆನ್ನ ಹಿಡದು,
ಮೊಳಿ ಕಂಡಲ್ಲಿ ನಿಂತು, ಮತ್ತ ಹೊಂಡತೈತಿ.
ಒಳಚಾವಣಿಗೆ ರಂಗೋಲಿ ಪುಡಿ ಬಡದು
ಬ್ಯಾಟರಿ ಹಿಡದು ಅಂಗಾತ ಮಲಗಿದೆ.
ಕಣ್ಣಾಗೆಲ್ಲಾ ಪುಡಿ.
ಅರ್ಧಾ ತಾಸಿಗೆ ಒಂದು ಗೆರಿ ಮೂಡಿತು, ಕೂದಲೆಳಿಯಷ್ಟು,
ನಾಕು ಮೊಳ ಆಚೆ ಕಟಾಂಜನದ ಬೋಲ್ಟಿನಿಂದ ಹೊಂಟದ್ದು.
ಎಷ್ಟು ಮಂದಿ ಕೈ ಊರಿ ಹತ್ತಿದ್ರೋ ಅಲ್ಲಿ.

ಬೋಲ್ಟ್ ಕಿತ್ತೆ. ಸುತ್ತಲ ಕಟಗಿ ಚಹಾದಾಗ ಬಿದ್ದ ಬಿಸ್ಕೀಟು.
ತೂತು ದೊಡ್ಡದು ಮಾಡಿ, ಕೊಳತದ್ದೆಲ್ಲಾ ಕೆರದು,
ಎಪಾಕ್ಸಿ ತುಂಬಿ, ಅದು ಕಲ್ಲಾದ ಮ್ಯಾಲ
ನಡುವ ಮತ್ತ ಸಣ್ಣ ತೂತು ಕೊರದೆ.
ಸಿಸ್ಟರ್ ಬಗ್ಗಿ ನೋಡಿದ್ರು.
ಹುಣ್ಣು ಹಿಂಗ ಮಾಯಬೇಕು, ತಳದಿಂದ, ಅಂದ್ರು.

ಇನ್ನ ತಳದ ಪರೀಕ್ಷಾ. ಮುಳುಗಿಸಾಕ ಕೆರಿ ಎಲ್ಲಿಂದ ತರೂದು?
ಉಲ್ಟಾ ಮಾಡಿದ್ವಿ. ಟ್ಯಾಂಕರ್ ಕರಿಸಿ
ಹಡಗದೊಳಗ ನೀರು ಬಿಟ್ವಿ,
ಹೊರಗ ಬೆವತಲ್ಲೆಲ್ಲಾ ಸೀಮೆಸುಣ್ಣ. ಹನ್ನೊಂದು ಗುರ್ತು.

ನಳಕ್ಕ ನೀರು ಬಂದು ಒಂಬತ್ತು ದಿನ ಆಗಿತ್ತು.
ಮೊದಲು ಬಂದಾಕಿ ಹಿಂದಿನ ಚಾಳದ ನೀಲವ್ವ,
ಏನೂ ಕೇಳದ ಕೊಡಾ ಮುಂದ ಹಿಡದ್ಲು.
ಆಮ್ಯಾಲ ಪಾಳಿ.
ಕುಡೀಬ್ಯಾಡ್ರಿ, ಬಳಸಾಕ ಅಷ್ಟ, ಅಂತ ಒದರಕೋತ
ಸಿಸ್ಟರ್ ನಿಚ್ಚಣಕಿ ಮ್ಯಾಲ ನಿಂತು ಬಕೀಟು ಎತ್ತಿ ಎತ್ತಿ ಕೊಟ್ರು.
ಸಂಜಿಗೆ ಹಡಗ ಖಾಲಿ. ಪಂಪ್ ಹಚ್ಚೂ ಕೆಲಸ ಬೀಳಲಿಲ್ಲ.

ದಸರಾ ಮುಗದ ಮ್ಯಾಲ ಅದು ಹೋತು,
ಕಲಘಟಗಿ ದಾರಿ ಹಿಡದು, ಹಗಲ ಹೊತ್ತಿನ್ಯಾಗ.
ಅದು ನಿಂತ ಜಾಗಾದಾಗ ಈಗ ಎರಡು ಟಿಪ್ಪರ್.

ಮೊನ್ನೆ ಫೋನ್ ಬಂತು. ಗಾಳಿ, ಹಕ್ಕಿ, ಏನೋ ಬಡಕೊಳ್ಳೂ ಸಪ್ಪಳ.
ಎಂಟು ದಿನ ಆತು ಮೋನಪ್ಪಾ, ತಡಿ, ಕೇಳಸ್ತೀನಿ, ಅಂದ್ರು.
ಗ್ರೈಂಡರ್ ಬಂದ್ ಮಾಡೋ ಅಂದೆ ಮಕ್ತುಮಗ.
ಕಟ್.
ರೊಟ್ಟಿ ಮುರದ ಸಪ್ಪಳ.
ಖಿಡಕಿ ಹೆಂಗೈತ್ರಿ ಅಂತ ಕೇಳಿದೆ.
ಅದು ಸೋರಾಕತ್ತೈತಿ, ಅಂದ್ರು, ತಿನಕೋತ.