ಹದಿನೇಳನೇ ನಂಬರಿನ ಚೀಲ

ಶುಕ್ರವಾರ ಮೂರು ಗಂಟೆಗೇ ಸಾಲು ಹಚ್ಚುತ್ತಾರೆ
ಬ್ಲ್ಯಾಕ್ಸ್‌ಬರ್ಗಿನ ಕಾಲೇಜು ಮಕ್ಕಳು,
ಪರೀಕ್ಷೆಯ ಶಾಯಿ ಇನ್ನೂ ಬೆರಳಿನಲ್ಲಿ.
ಜಿಮ್ಮಿನ ಕೆಳಗಿನ ಕೋಣೆ, ನಾನು, ನನ್ನ ರಿಜಿಸ್ಟರು.
ಟೆಂಟು ಒಂದು, ಸ್ಟವ್ ಒಂದು,
ಕರಡಿಗೆ ಎಟುಕದ ಹಾಗೆ ಬುತ್ತಿ ನೇತುಹಾಕಲು
ಐವತ್ತಡಿ ಹಗ್ಗ.
ಇಲ್ಲಿ ಸಹಿ. ಭಾನುವಾರ ಏಳರೊಳಗೆ ವಾಪಸ್ಸು.
ತಡವಾದರೆ ದಿನಕ್ಕೆ ನಾಲ್ಕು ಡಾಲರು.

ಸೋಮವಾರ ಚೀಲಗಳನ್ನು ಬೋರಲು ಹಾಕಿ ಕೊಡವುತ್ತೇನೆ.
ಯಾರು ಎಲ್ಲಿಗೆ ಹೋದರೆಂದು ಕೇಳಬೇಕಿಲ್ಲ.
ಪಾಚಿಯ ವಾಸನೆ ಬಂದರೆ ಕ್ಯಾಸ್ಕೇಡ್ಸ್ ಜಲಪಾತ.
ಬಕಲಿಗೆ ಸಗಣಿ ಮೆತ್ತಿದ್ದರೆ
ದನದ ಬೇಲಿ ದಾಟುವ ಆ ಉದ್ದನೆಯ ಹಾದಿ.
ಚೀಲದ ಅಂಡು ತರಚಿದ್ದರೆ ಡ್ರ್ಯಾಗನ್ಸ್ ಟೂತ್:
ಇಳಿಯುವಾಗ ಎಲ್ಲರೂ ಕೂತೇ ಜಾರುತ್ತಾರೆ,
ಮೇಲೆ ತೆಗೆದ ಫೋಟೊ ಮಾತ್ರ ತೋರಿಸುತ್ತಾರೆ.
ಜನವರಿಯಲ್ಲಿ ಒಮ್ಮೆ ಜೇಬಿನಿಂದ ಬಿತ್ತು
ರೋಡೊಡೆಂಡ್ರನ್ ಎಲೆ, ಚಳಿಗೆ ಬೀಡಿಯಂತೆ ಸುರುಳಿ.
ಮೇಜಿನ ಮೇಲಿಟ್ಟೆ.
ಕೋಣೆಯ ಬಿಸುಪಿಗೆ ಮೆಲ್ಲಗೆ ಬಿಚ್ಚಿಕೊಂಡಿತು.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ.
ನನಗೆ ಅದು ಹನ್ನೊಂದು ವರ್ಷದಿಂದ
ಬರೀ ತರಚು, ಕೆಸರು, ಕಿತ್ತ ಜಿಪ್ಪು.

ಅಪ್ಪ ಗದಗಿನ ಸ್ಟೇಷನ್ ರಸ್ತೆಯಲ್ಲಿ ಶಾಲೆ ಚೀಲ ಹೊಲಿಯುತ್ತಿದ್ದ.
'ಅರಿವಿ ಹರಿಯೂದಿಲ್ಲವಾ, ಹೊಲಿಗಿ ಹರೀತದ.
ಭಾರ ಬೀಳೂ ಕಡೆ ಎರಡು ಸುತ್ತು ಹಾಕು.'
ನಾನು ಮೂರು ಹಾಕುತ್ತೇನೆ; ಗಂಟು ಒಳಮಗ್ಗುಲಿಗೆ,
ಕಾಣಿಸಬಾರದಲ್ಲ.

ಈ ಅಕ್ಟೋಬರಿನಲ್ಲಿ ವೆಂಡೆಲ್ ಏಕರ್ಸ್ ಎಂಬ ಹುಡುಗ
ಹದಿನೇಳನ್ನು ಕಾದಿರಿಸಿ ಬರಲಿಲ್ಲ; ಜ್ವರವಂತೆ.
ಅವನ ಹೆಸರು ಹೊಡೆದು ಬರೆದೆ: ಇಂದುಮತಿ ಪಿಸೆ.
ಯಾಕೆಂದು ಈಗಲೂ ಹೇಳಲಾರೆ.
ನೀರು, ಎರಡು ರೊಟ್ಟಿ, ಶೇಂಗಾ ಚಟ್ನಿ, ಮಳೆಗೆ ಪ್ಲಾಸ್ಟಿಕ್ಕು.

ದಾರಿಯ ಗುರುತಿಗೆ ಮರದ ಹಣೆಗೊಂದು ಬಿಳಿ ನಾಮ ಬಳಿದಿದ್ದಾರೆ.
ಒಂದು ತಲುಪಿದರೆ ಇನ್ನೊಂದು ಕಾಣುತ್ತದೆ.
ನಾಮ ನಂಬಿ ಮೋಸ ಹೋಗದ್ದು
ನನ್ನ ಆಯುಷ್ಯದಲ್ಲಿ ಇದೇ ಮೊದಲು.

ಮೂರನೇ ಮೈಲಿಗೆ ಎಡಹೆಗಲಲ್ಲಿ ಏನೋ ಚುಚ್ಚಿತು.
ಮುಳ್ಳೆಂದುಕೊಂಡೆ. ಪಟ್ಟಿ ಸರಿಸಿದೆ. ಮತ್ತೆ ಅಲ್ಲೇ.
ಬಂಡೆಯ ಮೇಲೆ ಕೂತು ತಿರುವಿ ನೋಡಿದರೆ
ನನ್ನದೇ ಗಂಟು,
ಜೋಳದ ಕಾಳಿನಷ್ಟು, ಕಲ್ಲಿನ ಹಾಗೆ.

ಹನ್ನೊಂದು ವರ್ಷ.
ಎಷ್ಟು ಹೆಗಲು!
ಒಬ್ಬರೂ ಬಾಯಿ ಬಿಡಲಿಲ್ಲ.
ಥ್ಯಾಂಕ್ಸ್ ಅಂದಿದ್ದಾರೆ, ಎಲ್ಲರೂ.

ತುದಿಗೆ ಹೋಗಲಿಲ್ಲ. ಮೋಡ ಕಟ್ಟಿತ್ತು,
ಕತ್ತರಿಯೂ ತಂದಿರಲಿಲ್ಲ.
ಕರವಸ್ತ್ರ ಮಡಚಿ ಗಂಟಿನಡಿ ಇಟ್ಟುಕೊಂಡು ಇಳಿದೆ.
ಎರಡು ಕಡೆ ಕೂತೇ ಜಾರಿದೆ.

ಈಗ ಬುಧವಾರ. ನಲವತ್ತು ಚೀಲ, ಎಂಬತ್ತು ಪಟ್ಟಿ.
ಒಂದೊಂದೇ ಗಂಟು ಬಿಚ್ಚಿ ಹೊರಮಗ್ಗುಲಿಗೆ ಹಾಕುತ್ತಿದ್ದೇನೆ.
ಕಾಣಿಸುತ್ತದೆ. ಕಾಣಿಸಲಿ.
ಹದಿನೇಳನ್ನು ಮೊದಲು ಮನೆಯಲ್ಲೇ ಹೊಲಿದು ತಂದೆ,
ಎರಡು ದಿನ ತಡ.
ಎಂಟು ಡಾಲರು ಡಬ್ಬಿಗೆ ಹಾಕಿ
ನನಗೆ ನಾನೇ ರಸೀದಿ ಹರಿದುಕೊಟ್ಟೆ.